ಮಗನಿಗೆ ನಡುಹೆಸರು: ಫಾರಂ ತುಂಬುವ ಮುಂಚೆ ಓದಿ

ಗಂಡು ಮಗು ಆಯ್ತು ಅಂತ ಊರಿಂದ ಫೋನ್ ಬಂದ ದಿನದಿಂದಲೇ ಹೆಸರಿನ ಚರ್ಚೆ ಶುರುವಾಗುತ್ತದೆ. ನೀವು ಇಲ್ಲಿ ಕ್ಯಾಂಪಿನ ಮಂಚದ ಮೇಲೆ ಕೂತು ವಿಡಿಯೋ ಕಾಲ್‌ನಲ್ಲಿ ಮಗುವಿನ ಮುಖ ನೋಡ್ತಾ ಇರ್ತೀರಿ. ಅಲ್ಲಿ ಅವ್ವ ಮನೆದೇವರ ಹೆಸರೇ ಇಡಬೇಕು ಅಂತಾರೆ. ಮಾವನವರಿಗೆ ತಮ್ಮ ತಂದೆಯ ಹೆಸರು ಉಳಿಯಬೇಕು. ಮನೆಯವರು ಎರಡೇ ಅಕ್ಷರದ ಹೊಸ ಹೆಸರೊಂದನ್ನು ಮೊದಲೇ ಆರಿಸಿಟ್ಟುಕೊಂಡಿರುತ್ತಾರೆ. ಜೋಯಿಸರು ನಕ್ಷತ್ರದ ಪ್ರಕಾರ ಬೇರೆಯದೇ ಅಕ್ಷರ ಹೇಳಿ ಹೋಗಿರುತ್ತಾರೆ.

ಮಗುವನ್ನು ಏನಂತ ಕರೀಬೇಕು ಅನ್ನೋದು ನಿಮ್ಮ ಮನೆಯ ವಿಷಯ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಹೆಸರಿನ ಪಕ್ಕದಲ್ಲಿ ಬರುವ ಎರಡನೆಯ ಹೆಸರಿನ ಬಗ್ಗೆ, ಫಾರಂಗಳಲ್ಲಿ ಮಿಡ್ಲ್ ನೇಮ್ ಅಂತ ಕೇಳುತ್ತಾರಲ್ಲ, ಅದರ ಬಗ್ಗೆ. ನಮ್ಮವರಲ್ಲಿ ಬಹಳ ಜನ ಆ ಜಾಗವನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಒಂದು ಇನಿಷಿಯಲ್ ಹಾಕಿ ಮುಗಿಸುತ್ತಾರೆ. ಹತ್ತು ವರ್ಷದಿಂದ ಗಲ್ಫ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವ ನನ್ನ ಮೇಜಿಗೆ ಬರುವ ತಕರಾರುಗಳಲ್ಲಿ ದುಡ್ಡು ಕಡಿಮೆ ಬಂತು ಅನ್ನುವವು ಎಷ್ಟಿವೆಯೋ, ಹೆಸರು ಹೊಂದುವುದಿಲ್ಲ ಅನ್ನುವವೂ ಹೆಚ್ಚುಕಮ್ಮಿ ಅಷ್ಟೇ ಇವೆ.

ಒಂದು ಫೈಲಿನ ಕಥೆ ಹೇಳಿಬಿಡ್ತೀನಿ. ಕಲ್ಯಾಣ ಕರ್ನಾಟಕದ ಕಡೆಯ ಒಬ್ಬ ಮೇಸ್ತ್ರಿ ಇಲ್ಲಿ ತೀರಿಕೊಂಡರು. ಅವರ ಗ್ರಾಚ್ಯುಟಿ, ಬಾಕಿ ಸಂಬಳ ಎಲ್ಲ ಹೆಂಡತಿ ಮಕ್ಕಳಿಗೆ ಸೇರಬೇಕು. ಊರಿನ ನಾಡಕಚೇರಿಯಿಂದ ವಂಶವೃಕ್ಷದ ಪ್ರಮಾಣಪತ್ರ ತರಿಸಿದರು. ಅದರಲ್ಲಿ ಮಗನ ಹೆಸರು ಒಂದು ಥರ, ಜನನ ಪತ್ರದಲ್ಲಿ ಇನ್ನೊಂದು ಥರ, ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿ ಮಲ್ಲಿಕಾರ್ಜುನ, ಮಗನ ಜನನ ಪತ್ರದಲ್ಲಿ ಮಲ್ಲಪ್ಪ. ಊರವರಿಗೆಲ್ಲ ಗೊತ್ತು ಮಲ್ಲಪ್ಪ ಅಂದ್ರೂ ಮಲ್ಲಿಕಾರ್ಜುನ ಅಂದ್ರೂ ಒಬ್ಬರೇ ಅಂತ. ಆದರೆ ಕಾಗದ ನೋಡುವವನಿಗೆ ಊರು ಗೊತ್ತಿಲ್ಲವಲ್ಲ. ಅಫಿಡವಿಟ್ಟು, ನೋಟರಿ, ಮತ್ತೆ ದೃಢೀಕರಣ ಅಂತ ಐದು ತಿಂಗಳು ಓಡಾಡಿದ ಮೇಲೆ ದುಡ್ಡು ಕೈಗೆ ಬಂತು. ಆ ಐದು ತಿಂಗಳು ಆ ಮನೆ ಬಡ್ಡಿ ಸಾಲದಲ್ಲಿ ನಡೆಯಿತು. ಮಗನ ಹೆಸರಿನ ನಡುವೆ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದ್ದಿದ್ದರೆ ಅಷ್ಟು ಅಲೆದಾಟ ಇರುತ್ತಿರಲಿಲ್ಲ.

ನಡುಹೆಸರು ನಮಗೆ ಹೊಸದೇನಲ್ಲ

ಮಿಡ್ಲ್ ನೇಮ್ ಅಂದರೆ ಇಂಗ್ಲಿಷರ ಪದ್ಧತಿ, ನಮಗ್ಯಾಕೆ ಅಂತ ಕೆಲವರು ಕೇಳ್ತಾರೆ. ನಮ್ಮ ದೊಡ್ಡವರ ಹೆಸರುಗಳನ್ನೇ ಒಮ್ಮೆ ಬಿಡಿಸಿ ನೋಡಿ. ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಅವರ ಹೆಸರು. ಎಚ್.ಡಿ. ದೇವೇಗೌಡರದೂ ಹಾಗೇ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಉತ್ತರ ಕರ್ನಾಟಕಕ್ಕೆ ಬಂದರೆ ಕ್ರಮ ತಿರುಗಾಮುರುಗಾ. ಉಪರಾಷ್ಟ್ರಪತಿ ಆಗಿದ್ದ ಬಿ.ಡಿ. ಜತ್ತಿಯವರು ಬಸಪ್ಪ ದಾನಪ್ಪ ಜತ್ತಿ. ಮೊದಲು ಸ್ವಂತ ಹೆಸರು, ನಡುವೆ ತಂದೆ, ಕೊನೆಗೆ ಅಡ್ಡಹೆಸರು. ಕೊಡಗಿನ ಜನರಲ್ ಕಾರ್ಯಪ್ಪನವರು ಕೊಡಂದೆರ ಮಾದಪ್ಪ ಕಾರ್ಯಪ್ಪ. ಅಲ್ಲಿ ಮನೆತನದ ಹೆಸರು ಮೊದಲು. ಸ್ವಂತ ಹೆಸರು ಆ ತುದಿಗೆ ಇರಲಿ ಈ ತುದಿಗೆ ಇರಲಿ, ನಾಲ್ವರಲ್ಲೂ ನಡುವೆ ಕೂತಿರುವುದು ತಂದೆಯ ಹೆಸರೇ.

ತೊಂದರೆ ಬಂದದ್ದು ಇನಿಷಿಯಲ್‌ನಿಂದ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಊರು, ತಂದೆ ಎರಡೂ ಒಂದೊಂದು ಅಕ್ಷರಕ್ಕೆ ಇಳಿದುಬಿಟ್ಟವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ' ಅಂತ ಬಂದರೆ ಆ ಕೆ ಅಂದರೆ ಕೆಂಪೇಗೌಡನೋ, ಕೃಷ್ಣಪ್ಪನೋ, ಕೊರಟಗೆರೆಯೋ ಹೇಳುವವರು ಯಾರು? ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಆಗ ಒಬ್ಬ ಏಜೆಂಟ್ ಒಂದು ಥರ ಬಿಡಿಸುತ್ತಾನೆ, ಇನ್ನೊಬ್ಬ ಇನ್ನೊಂದು ಥರ. ನಿಮ್ಮ ಪಾಸ್‌ಪೋರ್ಟಿನಲ್ಲೇ ಹೀಗೆ ಆಗಿರಬಹುದು. ಮಗನಿಗೂ ಅದೇ ಆಗಬಾರದು.

ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಮನೆ

ಇದನ್ನು ಸರಿಯಾಗಿ ತಿಳ್ಕೊಳ್ಳಿ. ಭಾರತದ ಪಾಸ್‌ಪೋರ್ಟಿನಲ್ಲಿ ನಡುಹೆಸರಿಗೆ ಅಂತ ಬೇರೆ ಕಾಲಂ ಇಲ್ಲ. ಸರ್‌ನೇಮ್ ಅಂತ ಒಂದು, ಗಿವನ್ ನೇಮ್ ಅಂತ ಒಂದು, ಎರಡೇ. ಮೊದಲ ಹೆಸರು ಮತ್ತು ನಡುಹೆಸರು ಎರಡೂ ಗಿವನ್ ನೇಮ್ ಕಾಲಂನಲ್ಲಿ ಒಂದರ ಪಕ್ಕ ಒಂದು ಕೂರುತ್ತವೆ. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಮೂರು ಮನೆ ಇವೆ: ಕೊನೆಯ ಹೆಸರು, ಮೊದಲ ಹೆಸರು, ನಡುಹೆಸರು. ಆಧಾರ್‌ನಲ್ಲಿ ವಿಭಾಗವೇ ಇಲ್ಲ, ಇಡೀ ಹೆಸರು ಒಂದೇ ಸಾಲು. ಅಂದರೆ ಒಂದೇ ಹೆಸರನ್ನು ಮೂರು ಕಡೆ ಮೂರು ರೀತಿಯ ಡಬ್ಬಿಗೆ ತುಂಬಬೇಕು. ಹೆಸರಿನಲ್ಲಿ ಸ್ಪಷ್ಟವಾಗಿ ಮೂರು ಭಾಗ ಇದ್ದರೆ ಎಲ್ಲ ಡಬ್ಬಿಗೂ ಸಲೀಸಾಗಿ ಹೋಗುತ್ತದೆ. ಒಂದೇ ಭಾಗ ಇದ್ದರೆ ಎಲ್ಲಾ ಕಡೆ ಕಿರಿಕಿರಿ.

ಒಂಟಿ ಹೆಸರಿನ ಕಿರಿಕಿರಿ ಎಷ್ಟು ದೊಡ್ಡದು ಅನ್ನೋದು 2022ರ ನವೆಂಬರ್‌ನಲ್ಲಿ ಬಹಳ ಜನಕ್ಕೆ ಗೊತ್ತಾಯಿತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಥವಾ ಗಿವನ್ ನೇಮ್ ಎರಡರಲ್ಲಿ ಒಂದು ಖಾಲಿ ಇದ್ದರೆ ವಿಸಿಟ್ ವೀಸಾದ ಮೇಲೆ ಬರುವವರನ್ನು ಒಳಗೆ ಬಿಡುವುದಿಲ್ಲ ಅಂತ ಯುಎಇ ನಿಯಮ ಮಾಡಿತು. ಆಮೇಲೆ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರು ಇದ್ದರೆ ಸಾಕು ಅಂತ ಸಡಿಲಿಸಿದರು. ಆದರೂ ಏರ್‌ಲೈನ್ ಕೌಂಟರಿನಲ್ಲಿ ನಿಂತು ಇದನ್ನೆಲ್ಲ ವಾದ ಮಾಡುವ ಪರಿಸ್ಥಿತಿ ಮನೆಯವರಿಗೆ ಮತ್ತು ಮಗುವಿಗೆ ಯಾಕೆ ಬರಬೇಕು? ರಜೆಗೆ ಎರಡು ತಿಂಗಳು ಅವರನ್ನು ಕರೆಸಿಕೊಳ್ಳೋಣ ಅಂತ ವರ್ಷವೆಲ್ಲ ಕೂಡಿಟ್ಟ ದುಡ್ಡಿನ ಟಿಕೆಟ್ ಅದು.

ನಾಳೆ ಹುಡುಗ ಓದಿ ಅಮೆರಿಕಕ್ಕೆ ಹೊರಟರೆ ಅಲ್ಲೂ ಇದೇ. ಸರ್‌ನೇಮ್ ಖಾಲಿ ಇದ್ದವರ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನೀವು ಅಷ್ಟು ಆಸೆಯಿಂದ ಇಟ್ಟ ಹೆಸರಿನ ಗತಿ ಅದು.

ಹಾಗಾದರೆ ನಡುವೆ ಏನು ಇಡಬೇಕು

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಗಲ್ಫ್‌ನಲ್ಲಿ ದುಡಿಯುವವರ ಮಗನಿಗೆ ನಡುಹೆಸರಾಗಿ ತಂದೆಯ ಹೆಸರೇ ಸರಿ. ಅದಕ್ಕೆ ಇಲ್ಲಿಯದೇ ಕಾರಣ ಇದೆ. ಅರಬ್ಬರ ಹೆಸರು ಓದುವ ಕ್ರಮವೇ ಸರಪಳಿಯ ಹಾಗೆ: ಮೊದಲು ಅವನ ಹೆಸರು, ಆಮೇಲೆ ತಂದೆಯ ಹೆಸರು, ಆಮೇಲೆ ತಾತನದು, ಕೊನೆಗೆ ಮನೆತನದ್ದು. ನಿಮ್ಮ ಮಗನ ಎರಡನೆಯ ಹೆಸರನ್ನು ನೋಡಿದ ಕೂಡಲೇ ಇಲ್ಲಿಯ ಗುಮಾಸ್ತ ಅದನ್ನು ತಂದೆಯ ಹೆಸರು ಅಂತಲೇ ಓದುತ್ತಾನೆ. ಅಲ್ಲಿ ದೇವರ ಹೆಸರೋ ನಕ್ಷತ್ರದ ಹೆಸರೋ ಇದ್ದರೆ, ಇವನ ತಂದೆ ಬೇರೆಯವನಾ ಅಂತ ನಿಮ್ಮ ಪಾಸ್‌ಪೋರ್ಟ್ ತಿರುವಿ ನೋಡ್ತಾನೆ.

ಹಳೇ ಮೈಸೂರು ಕಡೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಅಡ್ಡಹೆಸರು ಇಲ್ಲದವರು ನಮ್ಮಲ್ಲಿ ಜಾಸ್ತಿ. ನಿಮ್ಮ ಹೆಸರು ಮಂಜುನಾಥ, ನಿಮ್ಮ ತಂದೆ ಕೆಂಪೇಗೌಡ, ಮಗನಿಗೆ ಲಿಖಿತ್ ಅಂತ ಇಡಬೇಕು ಅಂತಿಟ್ಟುಕೊಳ್ಳಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಮಂಜುನಾಥ, ಸರ್‌ನೇಮ್ ಕೆಂಪೇಗೌಡ. ಸಾಮಾನ್ಯವಾಗಿ ಜನ ಮಗನಿಗೆ ಲಿಖಿತ್ ಮಂಜುನಾಥ ಅಂತ ಮಾಡಿಸುತ್ತಾರೆ. ತಪ್ಪಿಲ್ಲ, ನಡೆಯುತ್ತದೆ. ಆದರೆ ಅಪ್ಪನ ಸರ್‌ನೇಮ್ ಕೆಂಪೇಗೌಡ, ಮಗನ ಸರ್‌ನೇಮ್ ಮಂಜುನಾಥ, ಎರಡೂ ಬೇರೆ ಆಯಿತು. ಪ್ರತಿ ಸಲ ಜನನ ಪತ್ರ ತೋರಿಸಿ ಸಂಬಂಧ ಸಾಬೀತು ಮಾಡಬೇಕು. ಅದರ ಬದಲು ಲಿಖಿತ್ ಮಂಜುನಾಥ ಕೆಂಪೇಗೌಡ ಅಂತ ಮಾಡಿ. ಗಿವನ್ ನೇಮ್ ಕಾಲಂನಲ್ಲಿ ಲಿಖಿತ್ ಮಂಜುನಾಥ, ಸರ್‌ನೇಮ್ ಕಾಲಂನಲ್ಲಿ ಕೆಂಪೇಗೌಡ. ಈಗ ಅಪ್ಪ ಮಗನ ಸರ್‌ನೇಮ್ ಒಂದೇ. ನಡುಹೆಸರು ನೋಡಿದರೆ ಮಗ ಯಾರವನು ಅಂತ ಗೊತ್ತಾಗುತ್ತದೆ. ಅರಬ್ಬರ ಸರಪಳಿಗೂ ಹೆಸರು, ತಂದೆ, ತಾತ ಅಂತ ಸರಿಯಾಗಿ ಹೊಂದಿತು. ತಾತನ ಹೆಸರು ಮೊಮ್ಮಗನಿಗೆ ಬರಬೇಕು ಅನ್ನುವ ಮನೆಯ ಆಸೆಯೂ ತೀರಿತು, ಅವ್ವನೂ ಸುಮ್ಮನಾದರು.

ಜಾತಿ ಸೂಚಿಸುವ ಪದ ಹೆಸರಿನಲ್ಲಿ ಬೇಡ ಅನ್ನುವವರೂ ಇದ್ದಾರೆ. ಅವರಿಗೂ ಈ ದಾರಿ ಅನುಕೂಲ, ತಾತನ ಹೆಸರೇ ಮನೆತನದ ಹೆಸರಾಗಿ ಮುಂದೆ ನಡೆಯುತ್ತದೆ.

ಬೆಳಗಾವಿ, ವಿಜಯಪುರ, ಧಾರವಾಡ, ಬಾಗಲಕೋಟೆ ಕಡೆಯವರಿಗೆ ಹೊಸದಾಗಿ ಹೇಳುವುದು ಕಡಿಮೆ. ಸ್ವಂತ ಹೆಸರು, ತಂದೆ, ಅಡ್ಡಹೆಸರು ಅಂತ ನಿಮ್ಮ ಪದ್ಧತಿಯೇ ಫಾರಂಗೆ ಹೇಳಿ ಮಾಡಿಸಿದ ಹಾಗಿದೆ. ತಂದೆಯ ಹೆಸರನ್ನು ಒಂದು ಅಕ್ಷರಕ್ಕೆ ಇಳಿಸಬೇಡಿ, ಅಷ್ಟೇ. ಇನ್ನೊಂದು, ಅಡ್ಡಹೆಸರನ್ನು ಅಣ್ಣತಮ್ಮಂದಿರೆಲ್ಲ ಒಂದೇ ಸ್ಪೆಲಿಂಗ್‌ನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಮನೆಯಲ್ಲಿ ಗೌಡ ಅನ್ನೋದನ್ನ ಒಬ್ಬರು 'ಒ-ಯು' ಹಾಕಿ, ಇನ್ನೊಬ್ಬರು 'ಒ-ಡಬ್ಲ್ಯು' ಹಾಕಿ ಬರೆಯುವುದನ್ನು ನೋಡಿದ್ದೇನೆ.

ಕರಾವಳಿಯ ತುಳುವರಲ್ಲಿ ಒಂದು ವಿಶೇಷ ಇದೆ. ಸಾಲ್ಯಾನ್, ಬಂಗೇರ, ಕೋಟ್ಯಾನ್ ಥರದ ಬರಿಯ ಹೆಸರು ತಾಯಿಯ ಕಡೆಯಿಂದ ಮಕ್ಕಳಿಗೆ ಬರುತ್ತದೆ. ತಂದೆಯ ಪಾಸ್‌ಪೋರ್ಟಿನಲ್ಲಿ ಪೂಜಾರಿ, ಮಗನಿಗೆ ತಾಯಿಯ ಬರಿ ಸರ್‌ನೇಮ್ ಆದರೆ ಇಬ್ಬರ ಹೆಸರಿನಲ್ಲಿ ಒಂದಕ್ಷರವೂ ಕೂಡುವುದಿಲ್ಲ. ಬರಿ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮ ಬೇರು. ಅಂಥ ಮನೆಗಳಲ್ಲಿ ನಡುಹೆಸರಾಗಿ ತಂದೆಯ ಹೆಸರು ಇರಲೇಬೇಕು, ಅಪ್ಪನನ್ನು ಮಗನನ್ನು ಕಾಗದದ ಮೇಲೆ ಜೋಡಿಸುವುದು ಅದೊಂದೇ.

ಮಂಗಳೂರಿನ ಕ್ರೈಸ್ತ ಬಾಂಧವರು ಮಗುವಿನ ಜ್ಞಾನಸ್ನಾನದ ಹೆಸರನ್ನು ನಡುವೆ ಇಡುತ್ತಾರೆ. ಚೆನ್ನಾಗಿದೆ. ಚರ್ಚಿನ ಪತ್ರದಲ್ಲಿ ಇರುವ ಆ ಹೆಸರು ಸರ್ಕಾರದ ಜನನ ಪತ್ರದಲ್ಲೂ ಇದೆಯಾ ನೋಡಿಕೊಳ್ಳಿ. ಡಿಸೋಜ ಅನ್ನುವಲ್ಲಿ ಡಿ ಆದ ಮೇಲೆ ಮೇಲೊಂದು ಚಿಕ್ಕ ಗುರುತು ಹಾಕುತ್ತೇವಲ್ಲ, ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಅದು ಬರುವುದಿಲ್ಲ, ಅಕ್ಷರಗಳು ಕೂಡಿಯೇ ಬರುತ್ತವೆ. ಟಿಕೆಟ್ ಮಾಡಿಸುವಾಗ ಹಾಗೇ ಬರೆಸಿ.

ಮುಸ್ಲಿಂ ಸಹೋದರರ ಹೆಸರುಗಳಲ್ಲಿ ಎರಡು ವಿಷಯ ಗಮನಿಸಬೇಕು. ಮನೆಯ ಎಲ್ಲ ಗಂಡುಮಕ್ಕಳಿಗೂ ಮೊದಲ ಹೆಸರು ಮಹಮ್ಮದ್ ಇದ್ದು, ಕರೆಯುವ ಹೆಸರು ಎರಡನೆಯದಾಗಿರುತ್ತದೆ. ಆ ಎರಡನೆಯದನ್ನು ಗಿವನ್ ನೇಮ್ ಕಾಲಂನಲ್ಲೇ ಇರಿಸಿ, ಸರ್‌ನೇಮ್‌ಗೆ ತಂದೆಯ ಅಥವಾ ಮನೆತನದ ಹೆಸರು ಬರಲಿ. ಮಹಮ್ಮದ್ ಅನ್ನೋದನ್ನ 'ಎಂಡಿ' ಅಂತಲೋ 'ಎಂಒಎಚ್‌ಡಿ' ಅಂತಲೋ ಮೊಟಕು ಮಾಡಲೇಬೇಡಿ. ಎರಡನೆಯದು, ಅಬ್ದುಲ್ ರಹಮಾನ್ ಥರದ ಹೆಸರು ಅರಬ್ಬಿಯಲ್ಲಿ ಒಂದೇ ಹೆಸರು. ರಹಮಾನನ ದಾಸ ಅಂತ ಅರ್ಥ. ಅಬ್ದುಲ್ ಒಂದು ಕಾಲಂ, ರಹಮಾನ್ ಇನ್ನೊಂದು ಕಾಲಂ ಅಂತ ಕತ್ತರಿಸಿದರೆ ಅರ್ಥವೂ ಹೋಯಿತು, ಇಲ್ಲಿಯವರು ಓದಿ ಗೊಂದಲವೂ ಆಯಿತು. ಕೂಡಿಸಿ ಬರೆಸಿ.

ಸ್ಪೆಲಿಂಗ್, ಉದ್ದ ಮತ್ತು ಅರಬ್ಬಿ ಉಚ್ಚಾರ

ನಡುವೆ ನಿಮ್ಮ ಹೆಸರು ಬರುವುದಾದರೆ ಅದು ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳಲ್ಲೇ ಬರಬೇಕು. ನಿಮ್ಮ ಪಾಸ್‌ಪೋರ್ಟಿನಲ್ಲಿ ಸ್ಪೆಲಿಂಗ್ ತಪ್ಪಾಗಿದೆ ಅಂತ ನಿಮಗೆ ಅನಿಸಿದರೂ ಸರಿ. ಮಂಜುನಾಥ ಅನ್ನೋದು ಕೊನೆಗೆ 'ಟಿ-ಎಚ್' ಇದೆಯೋ, 'ಟಿ-ಎಚ್-ಎ' ಇದೆಯೋ, ಪಾಸ್‌ಪೋರ್ಟ್ ತೆಗೆದು ನೋಡಿ ಬರೆಯಿರಿ. ನಿಮ್ಮದು ತಪ್ಪು, ಮಗನದು ಸರಿ ಆದರೆ ಎರಡೂ ಸೇರಿ ಮತ್ತೊಂದು ತಪ್ಪಾಗುತ್ತದೆ.

ಸಂಖ್ಯಾಶಾಸ್ತ್ರ ನಂಬುವವರು ಒಂದು 'ಎ' ಹೆಚ್ಚು, ಒಂದು 'ಎಚ್' ಹೆಚ್ಚು ಸೇರಿಸುತ್ತಾರೆ. ನಂಬಿಕೆ ನಿಮ್ಮದು. ಸೇರಿಸುವುದಿದ್ದರೆ ಮೊದಲ ಹೆಸರಿಗೆ, ಜನನ ಪತ್ರಕ್ಕೆ ಮುಂಚೆ, ಒಂದೇ ಸಲ ಸೇರಿಸಿ. ಎಂಟು ವರ್ಷ ಆದ ಮೇಲೆ ಹೊಸ ಜ್ಯೋತಿಷಿ ಸಿಕ್ಕಿದರು ಅಂತ ಬದಲಿಸಲು ಹೋದರೆ ಜ್ಯೋತಿಷಿಗೆ ಕೊಟ್ಟದ್ದಕ್ಕಿಂತ ಅಫಿಡವಿಟ್ಟಿಗೆ ಹೆಚ್ಚು ಕೊಡುತ್ತೀರಿ.

ಉದ್ದದ ಬಗ್ಗೆಯೂ ಲೆಕ್ಕ ಹಾಕಿ. ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು 39 ಜಾಗ. ಸರ್‌ನೇಮ್ ಆದ ಮೇಲೆ ಎರಡು ಗುರುತು, ಮೊದಲ ಹೆಸರಿಗೂ ನಡುಹೆಸರಿಗೂ ಮಧ್ಯೆ ಒಂದು ಗುರುತು, ಅಲ್ಲಿಗೆ ಮೂರು ಹೋಯಿತು. ಉಳಿದ 36 ಇಂಗ್ಲಿಷ್ ಅಕ್ಷರದಲ್ಲಿ ಮೂರೂ ಹೆಸರು ಕೂರಬೇಕು. ಲಿಖಿತ್ ಮಂಜುನಾಥ ಕೆಂಪೇಗೌಡ 26ರಲ್ಲಿ ಮುಗಿಯುತ್ತದೆ. ಅದೇ ತಂದೆ ವೆಂಕಟರಮಣಪ್ಪ, ತಾತ ಹನುಮಂತರಾಯಪ್ಪ ಆದರೆ ಆ ಎರಡಕ್ಕೇ 33 ಅಕ್ಷರ ಬೇಕು. ಲಿಖಿತ್ ಸೇರಿದರೆ 40, ಬಾಲ ಕತ್ತರಿಸಿ ಹೋಗುತ್ತದೆ. ಮೇಲೆ ಪೂರ್ತಿ ಹೆಸರು ಅಚ್ಚಾಗಿಯೇ ಇರುತ್ತದೆ, ಅನಾಹುತವೇನಲ್ಲ. ಆದರೆ ಟಿಕೆಟು, ಬ್ಯಾಂಕು, ವೀಸಾ ಎಲ್ಲಾ ಕಡೆ ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿಸುತ್ತಾರೆ. ಇಂಥ ಮನೆಗಳಲ್ಲಿ ತಾತನ ಹೆಸರು ಬಿಟ್ಟು, ಲಿಖಿತ್ ಅನ್ನೋದು ಗಿವನ್ ನೇಮ್, ತಂದೆಯ ಹೆಸರೇ ಸರ್‌ನೇಮ್ ಅಂತ ಎರಡಕ್ಕೇ ನಿಲ್ಲಿಸುವುದು ಒಳ್ಳೆಯದು. ನಡುಹೆಸರು ಇರಲೇಬೇಕು ಅಂತ ಯಾವ ಕಾನೂನೂ ಇಲ್ಲ. ನಾಲ್ಕು ಹೆಸರಂತೂ ಯಾರಿಗೂ ಬೇಡ.

ಇನ್ನು ಅರಬ್ಬಿ. ಇಲ್ಲಿ ಬಹಳಷ್ಟು ಕಾಗದಗಳಲ್ಲಿ ಹೆಸರು ಅರಬ್ಬಿಯಲ್ಲೂ ಬರುತ್ತದೆ. ಆ ಲಿಪಿಯಲ್ಲಿ ನಮ್ಮ ಪ ಇಲ್ಲ, ಅದು ಬ ಆಗುತ್ತದೆ. ಪ್ರದೀಪ ಬ್ರದೀಬ್ ಆಗ್ತಾನೆ. ವ ಫ ಕಡೆಗೆ ಹೋಗುತ್ತದೆ, ಗ ಒಂದೊಂದು ದೇಶದಲ್ಲಿ ಒಂದೊಂದು ಅಕ್ಷರವಾಗುತ್ತದೆ, ಚ, ಟ, ಣ, ಳ ಯಾವುದೂ ಇಲ್ಲ. ಇದಕ್ಕೆ ಹೆದರಿ ಹೆಸರು ಬದಲಿಸಬೇಕಿಲ್ಲ. ಆದರೆ ಎರಡು ಹೆಸರಿನ ನಡುವೆ ಮನಸ್ಸು ತೂಗಾಡುತ್ತಿದ್ದರೆ ಈ ವಿಷಯವನ್ನೂ ತಕ್ಕಡಿಗೆ ಹಾಕಿ. ಆರಿಸಿದ ಹೆಸರನ್ನು ಜೊತೆಗೆ ಕೆಲಸ ಮಾಡುವ ಅರಬ್ಬಿ ಬಲ್ಲ ಗೆಳೆಯನ ಮುಂದೆ ಒಮ್ಮೆ ಹೇಳಿ ನೋಡಿ. ನಮ್ಮಲ್ಲಿ ಚೆಂದದ ಹೆಸರು ಅವರ ಕಿವಿಗೆ ಬೇರೆ ಏನಾದರೂ ಕೇಳಿಸಿದರೆ ಅವನ ಮುಖದಲ್ಲೇ ಗೊತ್ತಾಗುತ್ತದೆ.

ಊರಲ್ಲಿ ಹುಟ್ಟಿದ ಮಗು

ನಮ್ಮಲ್ಲಿ ಬಹುಪಾಲು ಜನರ ಸಂಸಾರ ಊರಲ್ಲೇ ಇರುತ್ತದೆ, ಹೆರಿಗೆಯೂ ಅಲ್ಲೇ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. ಆದರೆ ಅಷ್ಟರಲ್ಲಿ ಹೆಸರು ತೀರ್ಮಾನ ಆಗಲೇಬೇಕು ಅಂತ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ನೋಂದಣಿ ಆದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರೋ ಕೇಳಿದರು ಅಂತ ಬಾಯಿಗೆ ಬಂದ ಹೆಸರು ಬರೆಸುವುದಕ್ಕಿಂತ, ಹೆಸರಿನ ಜಾಗ ಖಾಲಿ ಬಿಟ್ಟು, ನಾಮಕರಣ ಮುಗಿದ ಮೇಲೆ ಪೂರ್ತಿ ಹೆಸರು ಸೇರಿಸುವುದು ವಾಸಿ. ಒಮ್ಮೆ ಬರೆಸಿದ ಮೇಲೆ ಅಕ್ಷರ ತಪ್ಪು ತಿದ್ದಿಸುವುದು ಒಂದು ಮಾತು, ಹೆಸರೇ ಬದಲಿಸುವುದು ಬೇರೆ ಮಾತು. ಎರಡನೆಯದು ಸುಲಭಕ್ಕೆ ಆಗುವುದಿಲ್ಲ.

ಈಗ ಜನನ ಪತ್ರದ ತೂಕವೂ ಹೆಚ್ಚಾಗಿದೆ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಪಾಸ್‌ಪೋರ್ಟಿಗೆ, ಮುಂದೆ ಡ್ರೈವಿಂಗ್ ಲೈಸೆನ್ಸಿಗೆ, ಹುಟ್ಟಿದ ದಿನ ಮತ್ತು ಜಾಗಕ್ಕೆ ದಾಖಲೆ ಅಂದರೆ ಜನನ ಪತ್ರವೇ. ಹಿಂದಿನ ಹಾಗೆ ಶಾಲೆಯ ಟಿಸಿ ತೋರಿಸಿ ದಾಟಿಕೊಳ್ಳುವ ಕಾಲ ಹೋಯಿತು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವನದಲ್ಲಿ ಎರಡೇ ಅವಕಾಶ. ಅದರಲ್ಲಿ ಒಂದನ್ನು ಮೂರು ವರ್ಷದ ಮಗುವಿಗೇ ಖರ್ಚು ಮಾಡಬೇಡಿ.

ಫಾರಂ ತುಂಬಲು ಹೋಗುವುದು ಸಾಮಾನ್ಯವಾಗಿ ನಿಮ್ಮ ತಮ್ಮನೋ ಬಾವಮೈದನೋ. ಅವರಿಗೆ ಫೋನಿನಲ್ಲಿ ಬಾಯಲ್ಲಿ ಹೇಳಬೇಡಿ, ವಾಯ್ಸ್ ಮೆಸೇಜೂ ಬೇಡ. ಮಗನ ಪೂರ್ತಿ ಹೆಸರು, ನಿಮ್ಮ ಹೆಸರು, ಮನೆಯವರ ಹೆಸರು, ಮೂರನ್ನೂ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಟೈಪ್ ಮಾಡಿ ಕಳಿಸಿ. ಜೊತೆಗೆ ನಿಮ್ಮ ಪಾಸ್‌ಪೋರ್ಟಿನ ಫೋಟೋ ಕಳಿಸಿ. ತಂದೆಯ ಹೆಸರು ಅಂತ ಕೇಳುವ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರು ಬೇಡ, ಪಾಸ್‌ಪೋರ್ಟಿನದೇ ಬರಲಿ. ಪತ್ರ ಕೈಗೆ ಬಂದ ಕೂಡಲೇ ಅದರ ಫೋಟೋ ತರಿಸಿ ಅಕ್ಷರ ಅಕ್ಷರ ಓದಿ, ತಪ್ಪಿದ್ದರೆ ಅದೇ ವಾರ ವಾಪಸ್ ಕಳಿಸಿ.

ಮಗನಿಗೆ ಅಕ್ಕನೋ ಅಣ್ಣನೋ ಮೊದಲೇ ಇದ್ದರೆ ಮೇಲೆ ಹೇಳಿದ್ದೆಲ್ಲ ಪಕ್ಕಕ್ಕಿಡಿ. ದೊಡ್ಡ ಮಗುವಿನ ಹೆಸರು ಯಾವ ಕ್ರಮದಲ್ಲಿ ಇದೆಯೋ ಚಿಕ್ಕವನದೂ ಅದೇ ಕ್ರಮದಲ್ಲಿ ಇರಲಿ. ಒಂದೇ ಮನೆಯ ಮಕ್ಕಳು ಎರಡು ಥರ ಇದ್ದರೆ ಶಾಲೆಯಿಂದ ಹಿಡಿದು ಆಸ್ತಿ ಪಾಲಿನವರೆಗೆ ಪ್ರಶ್ನೆ ಬರುತ್ತದೆ.

ಇಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟ್ ಇರುವವರು ಬರುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿರುತ್ತೀರಿ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ಬರುವುದು. ಅದರಲ್ಲೋ ಕಂಪನಿಯ ಕಾಗದದಲ್ಲೋ ಮಗನನ್ನು ನಾಮಿನಿ ಮಾಡುವುದಿದ್ದರೆ 'ಸನ್' ಅಂತಲೋ 'ಬೇಬಿ' ಅಂತಲೋ ಬರೆದು ಬಿಡಬೇಡಿ. ಜನನ ಪತ್ರ ಬಂದ ಮೇಲೆ ಅದರಲ್ಲಿ ಇರುವ ಮೂರು ಭಾಗದ ಹೆಸರನ್ನೇ ಬರೆಸಿ.

ಇಲ್ಲೇ ಹುಟ್ಟಿದ ಮಗು

ಸಂಸಾರ ಇಲ್ಲೇ ಇದ್ದು ಹೆರಿಗೆಯೂ ಇಲ್ಲೇ ಆದರೆ ಸಮಯ ಕಡಿಮೆ. ಆಸ್ಪತ್ರೆಯವರು ಸಾಮಾನ್ಯವಾಗಿ ಬೇಗನೇ ಹೆಸರು ಕೇಳುತ್ತಾರೆ, ಹನ್ನೊಂದನೇ ದಿನದ ನಾಮಕರಣಕ್ಕೆ ಅವರು ಕಾಯುವುದಿಲ್ಲ. ಏಳನೇ ತಿಂಗಳಿಗೇ ಹೆಸರು ಗಂಡಿಗೊಂದು ಹೆಣ್ಣಿಗೊಂದು ತೀರ್ಮಾನ ಮಾಡಿ, ಸ್ಪೆಲಿಂಗ್ ಸಮೇತ ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಹುಟ್ಟುವ ಮುಂಚೆ ಹೆಸರು ಹೇಳಬಾರದು ಅನ್ನುವ ಹಿರಿಯರಿಗೆ ಚೀಟಿ ತೋರಿಸಬೇಡಿ, ಅಷ್ಟೇ. ಇಲ್ಲಿಯ ಜನನ ಪತ್ರದಲ್ಲಿ ಅರಬ್ಬಿ ಹೆಸರನ್ನೂ ಬಲ್ಲವರಿಂದ ಓದಿಸಿ, ನಡುಹೆಸರು ಬಿಟ್ಟುಹೋಗಿಲ್ಲ ತಾನೇ ಅಂತ ನೋಡಿ.

ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ರೆಸಿಡೆನ್ಸ್ ವೀಸಾ ಆಗಬೇಕು, ದಾಟಿದರೆ ದಿನದ ಲೆಕ್ಕದಲ್ಲಿ ದಂಡ. ವೀಸಾ ಆಗಬೇಕಾದರೆ ಮೊದಲು ಭಾರತದ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ದೃಢೀಕರಣ ಆದ ಜನನ ಪತ್ರ ಬೇಕು. ಒಂದು ಅಕ್ಷರ ತಪ್ಪಿ ಪತ್ರ ವಾಪಸ್ ಹೋದರೆ ಈ 120 ದಿನ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಇದರ ಜೊತೆಗೆ, ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಲೇಬೇಕು. ಪೌರತ್ವ ಕಾಯ್ದೆಯ ಪ್ರಕಾರ ಮಗುವಿಗೆ ಭಾರತದ ಪೌರತ್ವ ಸಿಗುವುದು ಆ ನೋಂದಣಿಯಿಂದ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಪಾಸ್‌ಪೋರ್ಟ್ ಅರ್ಜಿ ಕೊಡುವಾಗಲೇ ಈ ನೋಂದಣಿಯ ಬಗ್ಗೆ ಕೇಳಿ, ಎರಡೂ ಕಡೆ ಹೆಸರಿನ ಮೂರು ಭಾಗ ಒಂದೇ ಕ್ರಮದಲ್ಲಿ ಇದೆಯಾ ಅಂತ ರಸೀದಿ ತಗೊಳ್ಳುವ ಮುಂಚೆ ಓದಿ ನೋಡಿ. ಕೌಂಟರ್ ಬಿಟ್ಟು ಬಂದ ಮೇಲೆ ತಪ್ಪು ಕಂಡರೆ ಮರುದಿನವೇ ವಾಪಸ್ ಹೋಗಿ, ಅಚ್ಚಾಗುವ ಮುಂಚೆ ಆದರೆ ತಿದ್ದಿಸುವುದು ಸುಲಭ.